ಒತ್ತಕ್ಷರ ಒಡೆಯದ ಚಿತ್ರಕಥೆ ಸಾಫ್ಟ್‌ವೇರ್: ನನ್ನ ಅನುಭವ

ಚಿತ್ರಕಥೆ ಬರೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಹೊಸಬರು ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಪ್ರತಿಯನ್ನು ಓದುವವರು ಯಾರು? ಮುಂಬೈನ ಒಟಿಟಿ ಕಚೇರಿಯವರೋ, ಗಾಂಧಿನಗರದ ನಿರ್ಮಾಪಕರೋ, ಬೆಳಗಿನ ಜಾವ ಮೇಕಪ್ ಹಚ್ಚಿಸಿಕೊಳ್ಳುತ್ತಾ ಸೀನ್ ಪೇಪರ್ ಕೇಳುವ ಕಲಾವಿದರೋ? ಮುಂಬೈಗೆ ಕಳುಹಿಸುವುದಾದರೆ ಉತ್ತರ ಸುಲಭ. ವಿವರಣೆ ಇಂಗ್ಲಿಷಿನಲ್ಲಿ, ಸಂಭಾಷಣೆ ರೋಮನ್ ಲಿಪಿಯ ಕನ್ನಡದಲ್ಲಿ. ಕೈಯಲ್ಲಿ ದುಡ್ಡಿದ್ದರೆ ಫೈನಲ್ ಡ್ರಾಫ್ಟ್ ಎಂಬ ಸಾಫ್ಟ್‌ವೇರ್, ಇಲ್ಲದಿದ್ದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡುವ ಅಗ್ಗದ ಹತ್ತಾರು ಇವೆ. ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ ಎಂದು ಕೂತವರಿಗೆ ಮಾತ್ರ ಬೇರೆಯದೇ ಹುಡುಕಾಟ ಕಾದಿರುತ್ತದೆ. ನಾನು ಬರೆಯುವುದು ಕನ್ನಡದಲ್ಲೇ. ಸಂಭಾಷಣೆಯನ್ನು ರೋಮನ್ ಲಿಪಿಯಲ್ಲಿ ಬರೆದರೆ ನನ್ನ ಕಿವಿಗೆ ಅದು ಕೇಳಿಸುವುದಿಲ್ಲ.

ನಾನು ಸಹಾಯಕ ನಿರ್ದೇಶಕನಾಗಿ ಸೇರಿದಾಗ ನಮ್ಮಲ್ಲಿ ನಡೆಯುತ್ತಿದ್ದುದು ಎರಡು ಅಂಕಣದ ಪದ್ಧತಿ. ಉದ್ದನೆಯ ಹಾಳೆಯನ್ನು ನಡುವೆ ಮಡಿಸಿ ಗೆರೆ ಮಾಡಿಕೊಳ್ಳುವುದು. ಎಡಕ್ಕೆ ಏನು ಕಾಣುತ್ತದೆ ಎಂಬ ವಿವರ, ಬಲಕ್ಕೆ ಸಂಭಾಷಣೆ. ನೆತ್ತಿಯಲ್ಲಿ ದೃಶ್ಯದ ಸಂಖ್ಯೆ, ಒಳಾಂಗಣವೋ ಹೊರಾಂಗಣವೋ, ಹಗಲೋ ರಾತ್ರಿಯೋ, ಯಾರ್ಯಾರು ಬೇಕು. ದಕ್ಷಿಣದ ಚಿತ್ರರಂಗಗಳಲ್ಲಿ ಈ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಛಾಯಾಗ್ರಾಹಕರು ಎಡಭಾಗ ನೋಡುತ್ತಾರೆ, ಕಲಾವಿದರು ಬಲಭಾಗ ನೋಡುತ್ತಾರೆ. ಖಾಲಿ ಉಳಿದ ಜಾಗದಲ್ಲಿ ನಿರ್ದೇಶಕರು ಶಾಟ್ ಗುರುತು ಹಾಕಿಕೊಳ್ಳುತ್ತಾರೆ. ಅದನ್ನು ಹಳೆಯದೆಂದು ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೆಟ್ಟಿನಲ್ಲಿ ಅದಕ್ಕಿಂತ ಬೇಗ ಕೆಲಸಕ್ಕೆ ಬರುವ ಹಾಳೆಯನ್ನು ನಾನು ನೋಡಿಲ್ಲ.

ಆದರೆ ಸಾಫ್ಟ್‌ವೇರುಗಳೆಲ್ಲ ಹುಟ್ಟಿದ್ದು ಹಾಲಿವುಡ್‌ನ ಒಂದೇ ಅಂಕಣದ ಲೆಕ್ಕದಲ್ಲಿ. ಆ ಲೆಕ್ಕ ಟೈಪ್‌ರೈಟರ್‌ನದು: ಕೊರಿಯರ್ ಅಕ್ಷರ, 12 ಪಾಯಿಂಟ್, ಒಂದು ಇಂಚಿನ ಅಗಲಕ್ಕೆ 10 ಅಕ್ಷರ, ಒಂದು ಇಂಚಿನ ಎತ್ತರಕ್ಕೆ 6 ಸಾಲು. ಎಡ ಅಂಚು ಒಂದೂವರೆ ಇಂಚು, ಸಂಭಾಷಣೆ ಹಾಳೆಯ ಅಂಚಿನಿಂದ ಎರಡೂವರೆ ಇಂಚಿಗೆ ಶುರು. ‘ಐ’ ಆಗಲಿ ‘ಎಂ’ ಆಗಲಿ ಪ್ರತಿ ಅಕ್ಷರಕ್ಕೂ ಸಮಾನ ಜಾಗ. ಹೀಗೆ ಕಟ್ಟುನಿಟ್ಟಾಗಿ ಅಳೆದುದರಿಂದಲೇ ಒಂದು ಪುಟ ಎಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಅವರಿಗೆ ಕೂಡಿ ಬಂತು.

ಕನ್ನಡದಲ್ಲಿ ಇದರ ಬುಡವೇ ಅಲ್ಲಾಡುತ್ತದೆ. ನಮ್ಮ ‘ರ’ಗೂ ‘ಣೌ’ಗೂ ಒಂದೇ ಅಗಲ ಕೊಡಲು ಹೋದರೆ ಓದಲಾಗುವುದಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು, ಪುಟಕ್ಕೆ ಕಡಿಮೆ ಸಾಲು ಹಿಡಿಯುತ್ತವೆ. ಫಾಂಟ್ ಬದಲಿಸಿದರೆ ಅದೇ ಚಿತ್ರಕಥೆಯ ಪುಟಗಳ ಸಂಖ್ಯೆಯೂ ಬದಲಾಗುತ್ತದೆ. ಅದಕ್ಕೇ ಪುಟ ಎಣಿಸಿ ಅವಧಿ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಪ್ರತಿ ದೃಶ್ಯವನ್ನೂ ಗಟ್ಟಿಯಾಗಿ ಓದಿ, ನಡುವಿನ ಚಲನೆಯನ್ನು ಮನಸ್ಸಿನಲ್ಲೇ ನಡೆಸಿ, ಮೊಬೈಲ್‌ನ ಸ್ಟಾಪ್‌ವಾಚ್ ನೋಡಿ ದೃಶ್ಯದ ಪಕ್ಕದಲ್ಲಿ ಬರೆದಿಡುತ್ತೇನೆ. ಸಾಫ್ಟ್‌ವೇರ್ ತಾನಾಗಿ ತೋರಿಸುವ ಅವಧಿಯನ್ನು ನಿರ್ಮಾಪಕರ ಮುಂದೆ ಬಾಯಿಬಿಟ್ಟು ಹೇಳಬೇಡಿ. ಅವರು ಅದನ್ನು ನಂಬಿಬಿಡುತ್ತಾರೆ.

ಸಾಫ್ಟ್‌ವೇರ್ ಆರಿಸಲು ನಾನು ಮಾಡಿಕೊಂಡ ಉಪಾಯ ಒಂದು ಪರೀಕ್ಷಾ ದೃಶ್ಯ. ಒಂದೇ ಪುಟ, ಅದರಲ್ಲಿ ಈ ಸಾಲು ಇರಲೇಬೇಕು: “ಸೂರ್ಯನಾರಾಯಣ ಶಾಸ್ತ್ರಿಗಳ ಮಗಳು ರ‍್ಯಾಂಕ್ ಬಂದು, ಸಾಫ್ಟ್‌ವೇರ್ ಕಂಪನಿ ಸೇರಿ, ಸ್ವಾತಂತ್ರ್ಯ ಬೇಕೆಂದು ಮನೆ ಬಿಟ್ಟಳು.” ಕಥೆ ಅಷ್ಟಕ್ಕಷ್ಟೆ, ಆದರೆ ಪ್ರತಿ ಪದಕ್ಕೂ ಅಲ್ಲಿ ಕೆಲಸವಿದೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂರುತ್ತದೆಯೇ? ‘ಸ್ತ್ರಿ’ ಮತ್ತು ‘ತ್ರ್ಯ’ಗಳಲ್ಲಿ ಎರಡು ಒತ್ತುಗಳು ಬೀಳುತ್ತವೆ, ಕೆಳಗಿನದು ಮುಂದಿನ ಸಾಲಿಗೆ ತಾಗಿ ಕತ್ತರಿಸಿ ಹೋಗುತ್ತದೆಯೇ? ‘ರ‍್ಯಾಂಕ್’ ಪದದ ರ ಪೂರ್ಣವಾಗಿ ನಿಂತು ಯ ಒತ್ತಾಗಬೇಕು. ಅದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಬೇಕು. ‘ಸಾಫ್ಟ್‌ವೇರ್’ನಲ್ಲಿ ಅದಕ್ಕೆ ವಿರುದ್ಧ: ಟ್ ಮತ್ತು ವೇ ಕೂಡಿಕೊಳ್ಳದಂತೆ ತಡೆಯುವ, ಅದೂ ಕಣ್ಣಿಗೆ ಕಾಣದ ಅಕ್ಷರವಿದೆ. ಅದನ್ನು ನುಂಗುವ ಸಾಫ್ಟ್‌ವೇರ್‌ನಲ್ಲಿ ಪದ ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಆಮೇಲೆ ಆ ಸಾಲನ್ನು ಸಂಭಾಷಣೆಯ ಕಿರಿದಾದ ಅಂಕಣಕ್ಕೆ ಹಾಕಿ, ಸಾಲು ಮುರಿಯುವಾಗ ‘ಸ್ವಾತಂತ್’ ಮೇಲೆ ಉಳಿದು ‘ರ್ಯ’ ಕೆಳಗೆ ಬೀಳುತ್ತದೆಯೇ ಎಂದು ನೋಡುತ್ತೇನೆ.

ಪರದೆಯ ಮೇಲೆ ಪಾಸಾದರೆ ಸಾಲದು. ಹೆಸರು ಹೇಳದ ಒಂದು ವಿದೇಶಿ ಸಾಫ್ಟ್‌ವೇರ್‌ನಲ್ಲಿ ಬರೆಯುವಾಗ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಪಿಡಿಎಫ್ ಮಾಡಿದ ಕೂಡಲೇ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಸರಿದು ನಿಂತವು. ಪರದೆಯ ಮೇಲೆ ಅಕ್ಷರ ಜೋಡಿಸುವ ಕೆಲಸವನ್ನು ಕಂಪ್ಯೂಟರ್‌ನ ಕಾರ್ಯಾಚರಣೆ ವ್ಯವಸ್ಥೆ ಮಾಡಿಕೊಡುತ್ತದೆ. ಪಿಡಿಎಫ್ ಬರೆಯುವ ಭಾಗ ಬೇರೆಯದಾಗಿದ್ದು, ಅದಕ್ಕೆ ಭಾರತೀಯ ಲಿಪಿಗಳ ಜೋಡಣೆ ಗೊತ್ತಿಲ್ಲದಿದ್ದರೆ ಹೀಗಾಗುತ್ತದೆ. ಅದಕ್ಕೇ ಪಿಡಿಎಫ್ ತೆಗೆದು, ಮೊಬೈಲಿಗೆ ಕಳುಹಿಸಿ, ಅಲ್ಲಿಂದ ಒಂದು ಸಂಭಾಷಣೆಯನ್ನು ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸುವವರೆಗೂ ಪರೀಕ್ಷೆ ಮುಗಿದಂತಲ್ಲ. ಕಣ್ಣಿಗೆ ಸರಿಯಾಗಿ ಕಾಣುವ ಎಷ್ಟೋ ಕನ್ನಡ ಪಿಡಿಎಫ್‌ಗಳಿಂದ ನಕಲು ಮಾಡಿದರೆ ಕಲಸುಮೇಲೋಗರ ಬರುತ್ತದೆ. ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕರು ದಿನವೂ ಮಾಡುವುದು ಅದೇ ನಕಲಿನ ಕೆಲಸ.

ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದಿರುವುದೂ ಒಂದು ತೊಡಕು. ಇಂಗ್ಲಿಷ್ ಚಿತ್ರಕಥೆಯಲ್ಲಿ ಪಾತ್ರದ ಹೆಸರು ದೊಡ್ಡಕ್ಷರದಲ್ಲಿರುತ್ತದೆ, ಅನೇಕ ಕಡೆ ಸಾಫ್ಟ್‌ವೇರ್ ಅದನ್ನೇ ನೋಡಿ ‘ಇದು ಪಾತ್ರ, ಕೆಳಗಿನದು ಮಾತು’ ಎಂದು ಗುರುತಿಸುತ್ತದೆ. 2012ರಲ್ಲಿ ಚಿತ್ರಕಥೆಗಾರ ಜಾನ್ ಆಗಸ್ಟ್, ಸ್ಟೂ ಮ್ಯಾಶ್ವಿಟ್ಜ್ ಮತ್ತಿತರರು ರೂಪಿಸಿದ ಫೌಂಟನ್ ಪದ್ಧತಿ ನಿಂತಿರುವುದೇ ಇದರ ಮೇಲೆ. ಫೌಂಟನ್ ಒಂದು ಸಾಫ್ಟ್‌ವೇರ್ ಅಲ್ಲ, ಬರೆಯುವ ರೀತಿ. ನೋಟ್‌ಪ್ಯಾಡ್‌ನಂಥ ಸಾದಾ ಕಡತದಲ್ಲಿ ಬರೆಯುತ್ತೀರಿ, ಅದನ್ನು ಬಲ್ಲ ಯಾವುದೇ ಸಾಫ್ಟ್‌ವೇರ್ ಚಿತ್ರಕಥೆಯ ರೂಪಕ್ಕೆ ತರುತ್ತದೆ. ಕನ್ನಡದಲ್ಲಿ ಬರೆದರೆ ಅದಕ್ಕೆ ಪಾತ್ರವೂ ಗೊತ್ತಾಗುವುದಿಲ್ಲ, ದೃಶ್ಯದ ತಲೆಬರಹವೂ ಗೊತ್ತಾಗುವುದಿಲ್ಲ. ಎಲ್ಲವೂ ವಿವರಣೆಯೆಂದೇ ಬೀಳುತ್ತದೆ. ಆದರೆ ಅದನ್ನು ಮಾಡಿದವರು ಒಂದು ಕಿಂಡಿ ಬಿಟ್ಟಿದ್ದಾರೆ. ಸಾಲಿನ ಮೊದಲಿಗೆ ಒಂದು ಚುಕ್ಕೆ ಇಟ್ಟರೆ ಅದು ದೃಶ್ಯದ ತಲೆಬರಹ, ಹೆಸರಿನ ಮುಂದೆ ಇಮೇಲ್ ವಿಳಾಸದಲ್ಲಿ ಬರುವ ‘@’ ಚಿಹ್ನೆ ಇಟ್ಟರೆ ಅದು ಪಾತ್ರ. ನನ್ನ ಪುಟ ಹೀಗಿರುತ್ತದೆ:

.ಒಳಾಂಗಣ. ಶಾಸ್ತ್ರಿಗಳ ಮನೆ, ನಡುಮನೆ - ರಾತ್ರಿ

ಗೋಡೆ ಗಡಿಯಾರ ನಿಂತಿದೆ. ಗಿರಿಜಾ ಸ್ಟೂಲ್ ಹತ್ತಿ ಅದರ ಸೆಲ್ ತೆಗೆಯುತ್ತಾಳೆ.

@ಶಾಸ್ತ್ರಿ
(ತಲೆ ಎತ್ತದೆ)
ಅದು ನಿಂತು ಮೂರು ವರ್ಷ ಆಯ್ತು. ಇವತ್ತು ಕಾಣಿಸ್ತಾ ನಿನಗೆ?

ಮೊದಲ ಕರಡಿಗೆ ನಾನು ಇಂದಿಗೂ ಬಳಸುವುದು ಇದನ್ನೇ. ಮೊಬೈಲ್‌ನಲ್ಲಿ, ಬಸ್ಸಿನಲ್ಲಿ, ಬೇರೆಯವರ ಕಂಪ್ಯೂಟರಿನಲ್ಲಿ, ಎಲ್ಲೆಂದರಲ್ಲಿ ಬರೆಯಬಹುದು. ಅಂಚು, ಅಂಕಣ ಎಂದು ಕೈ ಆಡಿಸುತ್ತಾ ಬರವಣಿಗೆಯನ್ನು ಮುಂದೂಡಲು ನೆಪವೂ ಸಿಗುವುದಿಲ್ಲ.

ಎರಡನೇ ಕರಡಿಗೆ ಬಂದಾಗ ಸ್ಕ್ರೈಟ್ ಎಂಬ ಸಾಫ್ಟ್‌ವೇರ್‌ಗೆ ಹೋಗುತ್ತೇನೆ. ಇದು ಬೆಂಗಳೂರಿನ ಟೆರಿಫ್ಲಿಕ್ಸ್‌ನವರದು, ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಕನ್ನಡ ಕೀಲಿಮಣೆ ಬಾರದವರು ರೋಮನ್ ಅಕ್ಷರದಲ್ಲಿ ಒತ್ತಿದರೆ ಕನ್ನಡ ಮೂಡುತ್ತದೆ. ಒಂದೇ ಚಿತ್ರಕಥೆಯೊಳಗೆ ವಿವರಣೆ ಇಂಗ್ಲಿಷಿನಲ್ಲೂ ಸಂಭಾಷಣೆ ಕನ್ನಡದಲ್ಲೂ ಇರಬಹುದು. ನನ್ನ ಪರೀಕ್ಷಾ ಸಾಲು ಅಲ್ಲಿ ಪಾಸಾಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ದೃಶ್ಯಗಳ ಹಾಸು. ಪ್ರತಿ ದೃಶ್ಯವೂ ಒಂದು ಚೀಟಿಯಾಗಿ ಪರದೆಯ ಮೇಲೆ ಹರಡಿಕೊಳ್ಳುತ್ತದೆ. ನಮ್ಮಲ್ಲಿ ಕಥೆಯ ಚರ್ಚೆ ನಡೆಯುವುದು ಒನ್‌ಲೈನ್ ಆರ್ಡರ್ ಮೇಲೆ, ಅಂದರೆ ದೃಶ್ಯಕ್ಕೊಂದು ಸಾಲಿನಂತೆ ಬರೆದ ಪಟ್ಟಿಯ ಮೇಲೆ. “ಈ ಸೀನ್ ಇಂಟರ್‌ವಲ್‌ಗೆ ಮುಂಚೆ ಬರಲಿ” ಎಂದು ನಿರ್ದೇಶಕರು ಹೇಳಿದ ಕೂಡಲೇ ಚೀಟಿಯನ್ನು ಎಳೆದು ಆಚೆ ಇಡಬಹುದು, ಕೆಳಗಿನ ಬರವಣಿಗೆಯೂ ಅದರ ಜೊತೆಗೇ ಹೋಗುತ್ತದೆ. ಮೊದಲು ಇದು ಉಚಿತವಾಗಿತ್ತು. ಆಮೇಲೆ ಚಂದಾ ಬಂತು. ಮಾಡಿದವರೂ ಬದುಕಬೇಕಲ್ಲ.

ಪಾತ್ರಗಳ ವರದಿ, ಅಂದರೆ ಯಾರು ಯಾವ ದೃಶ್ಯದಲ್ಲಿದ್ದಾರೆ ಎಂಬ ಪಟ್ಟಿ, ಕಲಾವಿದರ ಕಾಲ್‌ಶೀಟ್ ಹಾಕುವಾಗ ಬಂಗಾರದಂಥದ್ದು. ಆದರೆ ಅಲ್ಲೊಂದು ಕಣ್ಣಿಗೆ ಕಾಣದ ಹೊಂಡ ಇದೆ. ಒಮ್ಮೆ ‘ಮಂಜುನಾಥ್’ ಎಂಬ ಪಾತ್ರ ವರದಿಯಲ್ಲಿ ಇಬ್ಬರಾಗಿ ಬಂತು. ಕಣ್ಣಿಗೆ ಎರಡೂ ಒಂದೇ. ಒಂದರ ಕೊನೆಯಲ್ಲಿ ಮಾತ್ರ, ಮೇಲೆ ಹೇಳಿದ ಆ ಕಾಣದ ತಡೆ ಅಕ್ಷರ ಸೇರಿಕೊಂಡಿತ್ತು. ಕೆಲವು ಕೀಲಿಮಣೆಗಳು ವ್ಯಂಜನದಿಂದ ಕೊನೆಯಾಗುವ ಪದಕ್ಕೆ ಅದನ್ನು ತಾವೇ ಅಂಟಿಸುತ್ತವೆ, ಕೆಲವು ಅಂಟಿಸುವುದಿಲ್ಲ. ನಾನು ಮನೆಯಲ್ಲಿ ಒಂದು, ಮೊಬೈಲ್‌ನಲ್ಲಿ ಇನ್ನೊಂದು ಬಳಸುತ್ತಿದ್ದೆ. ಈಗ ಪಾತ್ರಗಳಿಗೆ ಸ್ವರದಿಂದ ಕೊನೆಯಾಗುವ ಹೆಸರನ್ನೇ ಇಡುತ್ತೇನೆ: ಮಂಜುನಾಥ್ ಅಲ್ಲ, ಮಂಜುನಾಥ.

ಹೆಸರು ಬದಲಿಸುವಾಗಲೂ ಎಚ್ಚರ ಬೇಕು. ಗೋಪಾಲ ಎಂಬವನನ್ನು ಮೂರ್ತಿ ಮಾಡೋಣ ಎಂದು ನಿರ್ದೇಶಕರು ಸಲೀಸಾಗಿ ಹೇಳುತ್ತಾರೆ. ಇಂಗ್ಲಿಷಿನಲ್ಲಾದರೆ ಹುಡುಕಿ ಬದಲಿಸಿದರೆ ಆಯಿತು. ಕನ್ನಡದಲ್ಲಿ ‘ಗೋಪಾಲನಿಗೆ’ ಹೋಗಿ ‘ಮೂರ್ತಿನಿಗೆ’, ‘ಗೋಪಾಲನನ್ನು’ ಹೋಗಿ ‘ಮೂರ್ತಿನನ್ನು’ ಎಂದು ಬರುತ್ತದೆ. ಮೊದಲು ವಿಭಕ್ತಿ ಹತ್ತಿದ ರೂಪಗಳನ್ನು ಒಂದೊಂದಾಗಿ ಹುಡುಕಿ ಬದಲಿಸಿ, ಬರೀ ಹೆಸರನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ಕ್ರಮ.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳು ಕೈಯಲ್ಲಿದ್ದರೆ ಅವುಗಳಲ್ಲಿ ಬಹಳಷ್ಟು, ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿರುವುದಿಲ್ಲ. ಚಿತ್ರಕಥೆಯ ಸಾಫ್ಟ್‌ವೇರ್‌ಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಒಮ್ಮೆ ಪೂರ್ತಿ ಓದಿ ತಿದ್ದಿ, ಆಮೇಲೆ ಹಾಕಿ. ಅಕ್ಷರ ತಿದ್ದುವ ಕೆಂಪು ಗೆರೆಯನ್ನು ಮಾತ್ರ ಆಫ್ ಮಾಡಿಬಿಡಿ. ಮಂಡ್ಯದವನೋ ಧಾರವಾಡದವಳೋ ಬಾಯಿ ತೆರೆದರೆ ಪುಟವೆಲ್ಲ ಕೆಂಪಾಗುತ್ತದೆ.

ಚಿತ್ರೀಕರಣ ಹತ್ತಿರ ಬಂದಾಗ ದೃಶ್ಯದ ಸಂಖ್ಯೆಗಳಿಗೆ ಬೀಗ ಹಾಕುತ್ತೇನೆ. 24 ಮತ್ತು 25ರ ನಡುವೆ ಹೊಸ ದೃಶ್ಯ ಬಂದರೆ ಅದು 24ಎ ಆಗಬೇಕೇ ಹೊರತು ಮುಂದಿನವೆಲ್ಲ ಒಂದೊಂದು ಸಂಖ್ಯೆ ಜರುಗಬಾರದು. ಅಷ್ಟು ಹೊತ್ತಿಗೆ ಕಲೆ, ವಸ್ತ್ರ, ಪ್ರೊಡಕ್ಷನ್ ಎಲ್ಲರ ಪಟ್ಟಿಯಲ್ಲೂ ಹಳೆಯ ಸಂಖ್ಯೆ ಕೂತಿರುತ್ತದೆ. ಈ ಸೌಲಭ್ಯವಿಲ್ಲದ ಸಾಫ್ಟ್‌ವೇರ್ ಕಥೆ ಬರೆಯಲು ಸಾಕು, ಸಿನಿಮಾ ಮಾಡಲು ಸಾಲದು.

ಕಡತ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಿ. ಅಂತರ್ಜಾಲದಲ್ಲೇ ನಡೆಯುವ ಒಂದು ಸೇವೆಯಲ್ಲಿ ನನ್ನ ಚಂದಾ ಮುಗಿದ ಮೇಲೆ ಹಳೆಯ ಚಿತ್ರಕಥೆಗಳನ್ನು ಓದಲು ಬಿಟ್ಟರೇ ಹೊರತು ತಿದ್ದಲು ಬಿಡಲಿಲ್ಲ. ಅಂದಿನಿಂದ ಪ್ರತಿ ಕರಡನ್ನೂ ಫೌಂಟನ್ ರೂಪದಲ್ಲಿ ಒಂದು, ಫೈನಲ್ ಡ್ರಾಫ್ಟ್‌ನ ಎಫ್‌ಡಿಎಕ್ಸ್ ರೂಪದಲ್ಲಿ ಒಂದು ತೆಗೆದಿಡುತ್ತೇನೆ. ಎಫ್‌ಡಿಎಕ್ಸ್ ಒಳಗಿರುವುದು ಎಕ್ಸ್‌ಎಂಎಲ್, ಅಂದರೆ ಸಾದಾ ಪಠ್ಯವೇ. ಸಾಫ್ಟ್‌ವೇರ್ ಇಲ್ಲದಿದ್ದರೂ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನಮ್ಮ ಕನ್ನಡ ಸಾಲುಗಳು ಕಾಣುತ್ತವೆ.

ಇನ್ನು ಹೊರ ರಾಜ್ಯದ ಕಲಾವಿದರ ಪ್ರತಿ. ಕನ್ನಡ ಓದಲು ಬಾರದ ನಾಯಕಿಗೆ ಸಂಭಾಷಣೆಯನ್ನು ಅವರ ಲಿಪಿಯಲ್ಲಿ ಕೈಯಿಂದ ಬರೆದುಕೊಡುವುದು ಸಹಾಯಕ ನಿರ್ದೇಶಕರ ಪಾಲಿನ ಹಳೆಯ ಶಿಕ್ಷೆ. ಈಗ ಅಕ್ಷರಮುಖ ಎಂಬ ಲಿಪಿ ಪರಿವರ್ತಕದಲ್ಲಿ ಹಾಕಿದರೆ ಮಲಯಾಳಂ ಲಿಪಿಗೋ ತೆಲುಗು ಲಿಪಿಗೋ ಕ್ಷಣದಲ್ಲಿ ಬರುತ್ತದೆ, ಹೆಚ್ಚು ತಿದ್ದುವ ಅಗತ್ಯವಿಲ್ಲ. ದೇವನಾಗರಿಯಲ್ಲಿ ಮಾತ್ರ ಜಾಗ್ರತೆ. ಹ್ರಸ್ವ ಎ ಮತ್ತು ಒ ಹಿಂದಿಯವರ ಓದಿನ ರೂಢಿಯಲ್ಲಿಲ್ಲ. “ಈ ಸಲ ಬೆಳೆ ಹೋಯ್ತು” ಎಂದು ಅಳಬೇಕಾದವರು “ಬೇಳೆ ಹೋಯ್ತು” ಎಂದು ಅಳುತ್ತಾರೆ. ಹಾಗಾಗಿ ಮುಂಬೈಯಿಂದ ಬಂದವರ ಪ್ರತಿಯಲ್ಲಿ ಹ್ರಸ್ವಗಳ ಕೆಳಗೆಲ್ಲ ಕೆಂಪು ಗೆರೆ ಎಳೆದು, ಆ ದೃಶ್ಯದ ಮಾತುಗಳನ್ನು ನಾನೇ ಓದಿ ಧ್ವನಿಮುದ್ರಿಸಿ ಹಿಂದಿನ ರಾತ್ರಿಯೇ ಕಳುಹಿಸುತ್ತೇನೆ. ಇದಕ್ಕೆ ಇನ್ನೂ ಯಾವ ಸಾಫ್ಟ್‌ವೇರೂ ನನಗೆ ಸಿಕ್ಕಿಲ್ಲ.