ಮನೆ ಮಾರಬೇಕಾ? ಒಂದು ಭಾನುವಾರ ಬಾಗಿಲು ತೆಗೆದಿಡಿ

ಕತ್ರಿಗುಪ್ಪೆಯ ನಮ್ಮ ಎರಡು ಬೆಡ್‌ರೂಮಿನ ಫ್ಲಾಟ್ ಮಾರಲು ಹೊರಟಾಗ ಮೊದಲ ಎರಡು ಮೂರು ತಿಂಗಳು ಬ್ರೋಕರ್ ಕುಣಿಸಿದ ಹಾಗೆ ಕುಣಿದೆವು. "ಸಾರ್, ಪಾರ್ಟಿ ಹೊರಟಿದ್ದಾರೆ, ಹತ್ತೇ ನಿಮಿಷ" ಅಂತ ಫೋನ್ ಬರುತ್ತಿತ್ತು. ಪಾರ್ಟಿ ಬರುತ್ತಿದ್ದದ್ದು ಎರಡು ಗಂಟೆ ಬಿಟ್ಟು, ಅಷ್ಟರಲ್ಲಿ ಅಮ್ಮ ಒಲೆಕಟ್ಟೆಯನ್ನು ಎರಡು ಸಲ ಒರೆಸಿ ಮುಗಿಸಿರುತ್ತಿದ್ದರು. ಬೇಸತ್ತು ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ ಗೊತ್ತು ಮಾಡಿ, ಯಾರು ಕೇಳಿದರೂ "ಅವತ್ತು ಬನ್ನಿ" ಅಂದುಬಿಟ್ಟೆವು. ಹೊರದೇಶದಲ್ಲಿ ಇದಕ್ಕೆ ಓಪನ್ ಹೌಸ್ ಅನ್ನುತ್ತಾರೆ. ಬೆಂಗಳೂರಿಗೆ ಬೇಕಾದ ಹಾಗೆ ತಿದ್ದಿಕೊಂಡರೆ ಇಲ್ಲೂ ಚೆನ್ನಾಗಿ ನಡೆಯುತ್ತದೆ.

ಮೊದಲು ಪಂಚಾಂಗ ನೋಡಿ. ನೀವು ನಂಬುತ್ತೀರೋ ಇಲ್ಲವೋ ಬೇರೆ ಮಾತು, ಬರುವವರು ನಂಬುತ್ತಾರೆ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಜನ ಮನೆ ನೋಡುತ್ತಾರೆ, ಕಾಫಿನೂ ಕುಡಿಯುತ್ತಾರೆ, ಟೋಕನ್ (ಮುಂಗಡದ ಹಣ) ಮಾತ್ರ ಕೊಡುವುದಿಲ್ಲ. ಭಾನುವಾರ ಸಂಜೆ 4:30ರಿಂದ 6 ರಾಹುಕಾಲ, ಆ ಹೊತ್ತಿಗೆ ಯಾರನ್ನೂ ಕರೆಯಬೇಡಿ. ಬೆಳಿಗ್ಗೆ 9:30ರಿಂದ 12 ಸರಿಯಾದ ಸಮಯ, ಬೆಳಕೂ ಚೆನ್ನಾಗಿರುತ್ತದೆ.

ಪೊರಕೆ ಹಿಡಿಯುವ ಮುಂಚೆ ಫೈಲ್ ಹಿಡಿಯಿರಿ. ಬಾಗಿಲು ದಾಟುವ ಮೊದಲೇ ಕೇಳುವ ಪ್ರಶ್ನೆ "ಎ ಖಾತಾನಾ, ಬಿ ಖಾತಾನಾ?" ಅಂತ. ಖಾತಾ ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಎ ಅಂದರೆ ಎಲ್ಲ ಸಕ್ರಮ, ಬಿ ಅಂದರೆ ಏನೋ ಕೊರತೆ ಇರುವುದು. 2024ರ ಅಕ್ಟೋಬರಿನಿಂದ ಇ-ಖಾತಾ (ಖಾತಾದ ಡಿಜಿಟಲ್ ರೂಪ) ಇಲ್ಲದೆ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ ಆಗುವುದಿಲ್ಲ, ಹಾಗಾಗಿ ಅದು ಕೈಗೆ ಬರುವವರೆಗೆ ಭಾನುವಾರದ ಯೋಚನೆಯೇ ಬೇಡ. ಕ್ರಯಪತ್ರ, ಹಿಂದಿನ ಮೂಲ ಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿದ ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ), ತೆರಿಗೆ ಕಟ್ಟಿದ ರಸೀದಿ, ಕಟ್ಟಡದ ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ), ಬೆಸ್ಕಾಂ ಬಿಲ್ಲು, ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ, ಇಷ್ಟನ್ನೂ ಜೆರಾಕ್ಸ್ ಮಾಡಿಸಿ ಊಟದ ಟೇಬಲ್ ಮೇಲಿಡಿ. ಆಧಾರ್, ಪ್ಯಾನ್ ನಂಬರಿನ ಮೇಲೆ ಒಂದು ಚೂರು ಕಾಗದ ಅಂಟಿಸಿಯೇ ಜೆರಾಕ್ಸ್ ಮಾಡಿಸಿ. ಸಾಲ ಇದ್ದರೆ ಮೂಲ ಪತ್ರಗಳು ಬ್ಯಾಂಕಿನಲ್ಲಿರುತ್ತವೆ, ಎಷ್ಟು ಬಾಕಿ ಅಂತ ಬ್ಯಾಂಕಿನಿಂದ ಪತ್ರ ತಂದಿಟ್ಟುಕೊಂಡು ಅದನ್ನೂ ಮುಚ್ಚಿಡದೆ ಹೇಳಿ. ನಮ್ಮ ಮನೆಯಲ್ಲಿ ಹಾಲ್ ನೋಡಿದ್ದಕ್ಕಿಂತ ಆ ಫೈಲ್ ನೋಡಿದವರೇ ಜಾಸ್ತಿ.

ಎರಡನೇ ಪ್ರಶ್ನೆ ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ಊರು ಇದು, "ನೀರಿಗೇನೂ ತೊಂದರೆ ಇಲ್ಲ" ಅಂದರೆ ಯಾರೂ ನಂಬುವುದಿಲ್ಲ. ಕಾವೇರಿ ನೀರು ಯಾವ್ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೋರ್‌ವೆಲ್ ಇದೆಯಾ, ಹೋದ ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ಫೈಲಿನ ಪಕ್ಕ ಇಡಿ. ಟ್ಯಾಂಕರ್ ಬಿಲ್ಲು ಇದ್ದರೆ ಅದನ್ನೂ ಇಡಿ. ಹೆದರಬೇಡಿ, ಟ್ಯಾಂಕರ್ ತರಿಸದ ಬಿಲ್ಡಿಂಗ್ ಅವರೂ ನೋಡಿರುವುದಿಲ್ಲ.

ಮುಚ್ಚಿಡುವ ವಿಷಯಕ್ಕೆ ಬಂದೆ. ನಮ್ಮ ಹಾಲಿನ ಗೋಡೆಯಲ್ಲಿ ತೇವದ ಕಲೆ ಇತ್ತು, ಅಂಗೈಯಷ್ಟು ಅಗಲ. ಬ್ರೋಕರ್ ಕರೆತರುತ್ತಿದ್ದ ಕಾಲದಲ್ಲಿ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೆವು. ಡಿಸೆಂಬರಿನಲ್ಲಿ ಬಂದ ಒಬ್ಬ ಹಿರಿಯರಿಗೆ ಮನೆ ಇಷ್ಟವಾಗಿತ್ತು, ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ "ಧನುರ್ಮಾಸ ಯಾವತ್ತು ಮುಗಿಯುತ್ತೆ ನೋಡೋಣ" ಅಂತ ಹೋಗಿ ಸೀದಾ ಆ ಕ್ಯಾಲೆಂಡರನ್ನೇ ಎತ್ತಿದರು. ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು. ಆಮೇಲೆ ನಾವು ಪ್ಲಂಬರ್ ಕರೆಸಿ ಬಾತ್‌ರೂಮಿನ ಪೈಪ್ ಬದಲಾಯಿಸಿ, ಕಲೆಯನ್ನು ಹಾಗೇ ಬಿಟ್ಟು, ಬಿಲ್ಲನ್ನು ತೋರಿಸಿದೆವು. ಅದರ ಬಗ್ಗೆ ಎರಡನೇ ಪ್ರಶ್ನೆ ಬರಲಿಲ್ಲ.

ಪೂರ್ತಿ ಪೇಂಟ್ ಹೊಡೆಸುವುದು ನನ್ನ ಪ್ರಕಾರ ದಂಡ. ಹೊಸ ಪೇಂಟ್ ವಾಸನೆ ಬಂದರೆ "ಏನನ್ನೋ ಮುಚ್ಚಿದ್ದಾರೆ" ಅಂತಲೇ ಜನ ಗೋಡೆ ತಟ್ಟಿ ನೋಡುತ್ತಾರೆ. ಅದರ ಬದಲು ಸಾಮಾನು ಕಮ್ಮಿ ಮಾಡಿ. ಅಟ್ಟದ ಮೇಲಿನ ರಟ್ಟಿನ ಡಬ್ಬಗಳು, ಬಾಲ್ಕನಿಯ ಹಳೇ ಸೈಕಲ್ಲು, ಹೊಸಿಲ ಹತ್ತಿರದ ಚಪ್ಪಲಿ ರಾಶಿ, ಎಲ್ಲ ಸಾಗಹಾಕಿ. ಕೆಟ್ಟ ಬಲ್ಬು, ಸೋರುವ ನಲ್ಲಿ, ಕಿರ್ ಅನ್ನುವ ಬಾಗಿಲು ಸರಿಮಾಡಿಸಿ. ಒಡವೆ, ಔಷಧಿ, ಬ್ಯಾಂಕ್ ಪಾಸ್‌ಬುಕ್ ಬೀರುವಿನಲ್ಲಿಟ್ಟು ಬೀಗ ಹಾಕಿ. ಒಗ್ಗರಣೆ ಅಡುಗೆ ಅವತ್ತು ಬೇಡ, ಸಾಂಬ್ರಾಣಿ ಹೊಗೆಯೂ ಬೇಡ, ಕಿಟಕಿ ತೆಗೆದರೆ ಸಾಕು. ಒಂದು ಅಳತೆ ಟೇಪ್ ಇಟ್ಟಿರಿ, ಫ್ರಿಜ್ ಹಿಡಿಯುತ್ತಾ, ಮಂಚ ಹಿಡಿಯುತ್ತಾ ಅಂತ ಎಲ್ಲರೂ ಅಳೆಯುತ್ತಾರೆ. ವಾಸ್ತು ನೋಡುವವರು ಮೊಬೈಲಿನಲ್ಲಿ ದಿಕ್ಕು ನೋಡುವಾಗ ಕಬ್ಬಿಣದ ಬೀರು, ಗ್ರಿಲ್ಲಿನ ಪಕ್ಕ ನಿಂತರೆ ಮುಳ್ಳು ತಪ್ಪು ತೋರಿಸುತ್ತದೆ. ನಮ್ಮ ಪೂರ್ವದ ಬಾಗಿಲು ಹೀಗೇ ಐದು ನಿಮಿಷ ಆಗ್ನೇಯಕ್ಕೆ ತಿರುಗಿತ್ತು. ಅವರನ್ನು ಹಾಲ್ ಮಧ್ಯಕ್ಕೆ ಕರೆತನ್ನಿ.

ವಾಚ್‌ಮನ್‌ಗೂ ಅಸೋಸಿಯೇಷನ್‌ಗೂ ಎರಡು ದಿನ ಮುಂಚೆ ಹೇಳಿ, ಟ್ಯಾಂಕ್ ತೊಳೆಯುವ ದಿನ, ಲಿಫ್ಟ್ ರಿಪೇರಿ ದಿನ ಆಗಿರದಂತೆ ನೋಡಿಕೊಳ್ಳಿ. ಎಲ್ಲರಿಗೂ ಒಂದೇ ಸಮಯ ಕೊಡಬೇಡಿ, 20 ನಿಮಿಷಕ್ಕೊಂದು ಕುಟುಂಬ ಇರಲಿ. ಅಕ್ಕಪಕ್ಕದವರು ಸುಮ್ನೆ ಇಣುಕಲು ಬರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ, ಅವರ ಭಾವನೋ ಷಡ್ಡಕನೋ ಇದೇ ಏರಿಯಾದಲ್ಲಿ ಮನೆ ಹುಡುಕುತ್ತಿರುತ್ತಾರೆ.

ಒಬ್ಬರು ಬಾಗಿಲಲ್ಲಿ ಹೆಸರು, ಫೋನ್ ನಂಬರ್ ಬರೆದುಕೊಳ್ಳಲಿ, ಇನ್ನೊಬ್ಬರು ಒಂದು ಸುತ್ತು ತೋರಿಸಿ ಪಕ್ಕಕ್ಕೆ ಸರಿಯಲಿ. ಇದು ಹೇಳಿದಷ್ಟು ಸುಲಭ ಅಲ್ಲ. ನಮ್ಮಪ್ಪ ಮೊದಲು ಬಂದವರ ಹಿಂದೆಯೇ ಹೋಗಿ, ಆಗ ಈ ಕಡೆ ಆಟೋದವರು ಬರುತ್ತಲೇ ಇರಲಿಲ್ಲ ಅಂತ ಶುರು ಮಾಡಿ ಗೃಹಪ್ರವೇಶದ ಊಟದವರೆಗೆ ಹೇಳಿದರು. ಗಂಡ ಹೆಂಡತಿ ಬಾಲ್ಕನಿಯಲ್ಲಿ ನಿಂತು ಲೆಕ್ಕ ಹಾಕಲೂ ಬಿಡಲಿಲ್ಲ. ಆಮೇಲೆ ಅಪ್ಪನನ್ನು ಬನಶಂಕರಿ ಗುಡಿಗೆ ಕಳಿಸಿದೆವು, ಪಾಪ.

"ಲಾಸ್ಟ್ ರೇಟ್ ಹೇಳಿ" ಅಂತ ಎಲ್ಲರೂ ಕೇಳುತ್ತಾರೆ. ಅವತ್ತು ಒಂದೇ ನಂಬರ್ ಹೇಳಿ, ಮನೆಯವರೆಲ್ಲ ಅದೇ ನಂಬರ್ ಹೇಳಲಿ. ಕೊಳ್ಳುವವರ ಲೆಕ್ಕವೂ ನಿಮಗೆ ಗೊತ್ತಿರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಸ್ಟ್ಯಾಂಪ್ ಡ್ಯೂಟಿ, ಸೆಸ್ಸು ಎಲ್ಲ ಸೇರಿದರೆ 80 ಲಕ್ಷದ ಮನೆಗೆ ಕೊಳ್ಳುವವರ ಕೈಯಿಂದ ಇನ್ನೂ 6 ಲಕ್ಷದಷ್ಟು ಹೋಗುತ್ತದೆ, ಚೌಕಾಸಿ ಶುರುವಾಗುವುದೇ ಅಲ್ಲಿಂದ. 50 ಲಕ್ಷ ಅಥವಾ ಅದಕ್ಕೆ ಮೇಲಾದರೆ ಅವರು 1% ಟಿಡಿಎಸ್ (ಸರ್ಕಾರಕ್ಕೆ ನಿಮ್ಮ ಹೆಸರಲ್ಲಿ ಕಟ್ಟುವ ತೆರಿಗೆ) ಹಿಡಿದುಕೊಂಡೇ ಕೊಡುತ್ತಾರೆ, ಅದಕ್ಕೆ ಜಗಳ ಬೇಡ. "ಸ್ವಲ್ಪ ಕ್ಯಾಶ್ ಕೊಡ್ತೀವಿ" ಅನ್ನುವವರಿಗೆ ಆಗಲ್ಲ ಅಂತಲೇ ಹೇಳಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವ ಹಾಗಿಲ್ಲ.

ಅವತ್ತೇ ಟೋಕನ್ ತೆಗೆದುಕೊಳ್ಳಬೇಡಿ. ರಾತ್ರಿ ಪಟ್ಟಿ ಹಿಡಿದು ಕೂತು, ಯಾರಿಗೆ ಸಾಲ ಆಗಲೇ ಮಂಜೂರಾಗಿದೆ, ಯಾರು ತಮ್ಮ ಮನೆ ಮಾರಿ ಕೊಳ್ಳುವವರು ಅಂತ ಗುರುತು ಹಾಕಿ ಮಾರನೇ ದಿನ ಫೋನ್ ಮಾಡಿ. ಟೋಕನ್ ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಬರಲಿ, ರಸೀದಿ ಬರೆದುಕೊಡಿ, ಆಮೇಲೆ ಅಗ್ರಿಮೆಂಟ್.

ನಮ್ಮ ಮನೆ ತೆಗೆದುಕೊಂಡಿದ್ದು ನಾಲ್ಕನೇ ಮಹಡಿಯವರ ಅಕ್ಕನ ಮಗ. ಬುಧವಾರ ಬೆಳಿಗ್ಗೆ ಆರಕ್ಕೆ, ನಾನು ಹಾಳೆಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ, ಹೇಳದೆ ಕೇಳದೆ ಬಂದು ಸಂಪಿನ ಮುಚ್ಚಳ ತೆಗೆಸಿ ನೀರು ಬರುವುದನ್ನು ನೋಡಿದ. ಚೆಕ್ಕನ್ನು ಮಾತ್ರ ಮಧ್ಯಾಹ್ನ 1:30 ದಾಟಿದ ಮೇಲೆ ಬರೆದ. ಬುಧವಾರ ಅಲ್ವಾ, ರಾಹುಕಾಲ.