ಹತ್ತು ದಿನದ ಕಾಗದ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನದೊಂದು ಸಣ್ಣ ತಿಂಡಿ ಅಂಗಡಿ ಇದೆ. ಇಡ್ಲಿ, ದೋಸೆ, ಬಿಸಿಬೇಳೆ ಬಾತ್, ಶನಿವಾರ ಭಾನುವಾರ ಮದ್ದೂರು ವಡೆ. ಕೆಲಸಕ್ಕೆ ಆರು ಜನ. ಚಳಿಯಲ್ಲಿ ಹಿಟ್ಟು ಹುಳಿ ಬರಿಸೋದು ಹೇಗೆ ಅಂತ ಕೇಳಿದರೆ ಅರ್ಧ ಗಂಟೆ ಹೇಳುತ್ತಿದ್ದೆ. ನಿರುದ್ಯೋಗ ವಿಮೆ, ಅಂದರೆ ಕೆಲಸ ಹೋದವರಿಗೆ ಭತ್ಯೆ ಕೊಡುವ ವಿಮೆ, ಅದರ ಬಗ್ಗೆ ಕೇಳಿದರೆ ಮಾತ್ರ, "ಅದೆಲ್ಲ ಪೇರೋಲ್‌ನವರು ನೋಡ್ಕೊಳ್ತಾರೆ" ಅಂತ ಕೈ ಝಾಡಿಸುತ್ತಿದ್ದೆ.

ಆ ಲಕೋಟೆ ಬಂದದ್ದು ದೀಪಾವಳಿ ಆರ್ಡರ್‌ಗಳ ಗಲಾಟೆಯಲ್ಲಿ. ಕೌಂಟರ್ ಕೆಳಗಿನ ಡ್ರಾಯರ್‌ಗೆ, ಗ್ಯಾಸ್ ಬಿಲ್ಲು, ಕೂಪನ್‌ಗಳ ಜೊತೆ ತುರುಕಿಬಿಟ್ಟಿದ್ದೆ. ಮೂರು ವಾರ ಆದಮೇಲೆ ನಮ್ಮ ಲೆಕ್ಕ ನೋಡುವ ಹುಡುಗ, ಶಿವಮೊಗ್ಗ ಕಡೆಯವನು, ಅದನ್ನು ಹೊರಗೆ ತೆಗೆದ. ಮೂಲೆಯಲ್ಲಿ ನನ್ನದೇ ಅರಿಶಿನದ ಬೆರಳಚ್ಚು. ಇನ್ನೂ ಒಡೆದೇ ಇರಲಿಲ್ಲ.

"ಅಕ್ಕಾ, ಇದು ಡಿಇ 1101ಸಿಝಡ್. ಹತ್ತು ದಿನದಲ್ಲಿ ಉತ್ತರ ಹೋಗಬೇಕಿತ್ತು."

ನಾನು ಕೆಲಸದಿಂದ ತೆಗೆದಿದ್ದ ಒಬ್ಬ ಸಹಾಯಕ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದ. ಹಾಗೆ ಯಾರಾದರೂ ಹಾಕಿದಾಗ ರಾಜ್ಯದ ಉದ್ಯೋಗ ಇಲಾಖೆ, ಅಂದರೆ ಇಡಿಡಿ, ಅವನ ಕೊನೆಯ ಮಾಲೀಕರಿಗೆ ಈ ನೋಟಿಸ್ ಕಳಿಸುತ್ತದೆ. ಇವನು ಯಾಕೆ ಹೋದ, ನೀವೇ ತೆಗೆದಿರಾ, ಕೆಲಸ ಇರಲಿಲ್ವಾ ಅಂತ ಕೇಳುತ್ತದೆ. ಹತ್ತು ದಿನದ ಲೆಕ್ಕ ಶುರುವಾಗೋದು ಇಲಾಖೆ ಅಂಚೆಗೆ ಹಾಕಿದ ತಾರೀಖಿನಿಂದ, ನಮ್ಮ ಕೈಗೆ ಸಿಕ್ಕ ದಿನದಿಂದಲ್ಲ. ರಜಾ ದಿನವೂ ಲೆಕ್ಕಕ್ಕೆ ಸೇರುತ್ತದೆ. ನಾನು ಉತ್ತರ ಕೊಡಲಿಲ್ಲ. ಅವನು ಹೇಳಿದ್ದೇ ನಿಂತಿತು, ಅವನಿಗೆ ಹೋದ ಹಣ ಇಲಾಖೆಯಲ್ಲಿರುವ ನನ್ನ ವಿಮೆ ಖಾತೆಯ ಮೇಲೆ ಬಿತ್ತು.

ಖಾತೆ ಅಂದರೆ ಏನು ಅಂತ ನನಗೂ ಆಗಲೇ ಅರ್ಥವಾದದ್ದು. ಇಲ್ಲಿ ಈ ವಿಮೆಯ ಕಂತು ಕಟ್ಟೋದು ಮಾಲೀಕರು ಮಾತ್ರ. ಕೆಲಸದವರ ಸಂಬಳದಿಂದ ಒಂದು ಸೆಂಟೂ ಹಿಡಿಯುವಂತಿಲ್ಲ. ಒಬ್ಬೊಬ್ಬರ ಸಂಬಳದಲ್ಲಿ ವರ್ಷದ ಮೊದಲ 7,000 ಡಾಲರ್‌ಗೆ ಮಾತ್ರ ತೆರಿಗೆ. ಹೊಸ ಮಾಲೀಕರಿಗೆ ಮೊದಲ ಎರಡು ಮೂರು ವರ್ಷ ಶೇ 3.4, ಅಂದರೆ ತಲೆಗೆ 238 ಡಾಲರ್. ಆಮೇಲೆ ದರ ನಿಲ್ಲೋದು ನಮ್ಮ ಖಾತೆಯ ಚರಿತ್ರೆ ಮೇಲೆ. ನಮ್ಮಲ್ಲಿದ್ದವರು ಭತ್ಯೆ ಜಾಸ್ತಿ ತೆಗೆದುಕೊಂಡಷ್ಟೂ ದರ ಏರಬಹುದು, ಶೇ 6.2ರವರೆಗೆ. ಭತ್ಯೆ ವಾರಕ್ಕೆ 40ರಿಂದ 450 ಡಾಲರ್, ಒಂದು ಅರ್ಜಿಗೆ ಜಾಸ್ತಿ ಅಂದರೆ 26 ವಾರ. ಗುಣಿಸಿ ನೋಡಿ, 11,700 ಡಾಲರ್! ಆರು ಜನಕ್ಕೂ ಸೇರಿಸಿ ನಾನು ವರ್ಷಕ್ಕೆ ಕಟ್ಟುತ್ತಿದ್ದದ್ದು 1,428.

ಅವನನ್ನು ತೆಗೆದದ್ದು ದಿನಾ ತಡವಾಗಿ ಬರುತ್ತಿದ್ದ ಅಂತ. ಉತ್ತರ ಕೊಟ್ಟಿದ್ದರೆ ಗೆಲ್ಲುತ್ತಿದ್ದೆನಾ? ನಿಜ ಹೇಳಬೇಕೆಂದರೆ ಕಷ್ಟವೇ ಇತ್ತು. ತೆಗೆದದ್ದು ದುರ್ನಡತೆಗೆ ಅಂತ ತೋರಿಸುವ ಭಾರ ಮಾಲೀಕರದ್ದು. ನಾನು ಬೈದದ್ದು ಬಾಯಲ್ಲಿ, ಅದೂ ಒಲೆ ಮುಂದೆ. ಒಂದು ಸಾಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ತಾರೀಖು, ಬರಬೇಕಾದ ಹೊತ್ತು, ಬಂದ ಹೊತ್ತು, ನಾನು ಏನಂದೆ, ಅವರು ಏನಂದರು. ಎರಡನೇ ಸಲ ತಪ್ಪಾದರೆ ಕಾಗದದಲ್ಲಿ ಎಚ್ಚರಿಕೆ, ಅವರ ಸಹಿ. ಮೊದಮೊದಲು ಸ್ಕೂಲ್ ಮೇಷ್ಟರ ಥರ ಅನಿಸಿ ನಾಚಿಕೆಯಾಗುತ್ತಿತ್ತು.

ಎರಡು ವರ್ಷದ ನಂತರ ಅದೇ ನೋಟ್‌ಬುಕ್ ಕೆಲಸಕ್ಕೆ ಬಂತು. ಪಾತ್ರೆ ತೊಳೆಯುವವನು ಒಂದು ಶನಿವಾರ ಮಧ್ಯಾಹ್ನ ಏಪ್ರನ್ ಬಿಚ್ಚಿಟ್ಟು ಹೋದವನು ವಾಪಸ್ ಬರಲೇ ಇಲ್ಲ. ಅರ್ಜಿಯಲ್ಲಿ ಮಾತ್ರ, "ನನ್ನನ್ನು ಕೆಲಸದಿಂದ ತೆಗೆದರು" ಅಂತ ಬರೆದ. ಈ ಸಲ ನಾಲ್ಕನೇ ದಿನಕ್ಕೇ ಆನ್‌ಲೈನ್‌ನಲ್ಲಿ ಉತ್ತರ ಹೋಯಿತು. ಅವನಿಗೆ ಭತ್ಯೆ ಇಲ್ಲ ಅಂತ ತೀರ್ಮಾನವಾಯಿತು, ಅವನು ಅಪೀಲ್ ಹಾಕಿದ. ಅಪೀಲ್‌ಗೆ 30 ದಿನ ಇರುತ್ತದೆ. ಹಿಯರಿಂಗ್ ಫೋನಿನಲ್ಲೇ ಆಯಿತು. ನ್ಯಾಯಾಧೀಶರು ಪ್ರಮಾಣ ಮಾಡಿಸಿ ಕೇಳಿದ ಮೊದಲ ಪ್ರಶ್ನೆ: ಅವನು ಹೋಗಿದ್ದನ್ನು ನೀವು ಕಣ್ಣಾರೆ ನೋಡಿದಿರಾ? ನಾನು ನೋಡಿರಲಿಲ್ಲ, ಕೌಂಟರ್‌ನಲ್ಲಿದ್ದೆ. ಪುಣ್ಯಕ್ಕೆ ನೋಡಿದ್ದ ಅಡುಗೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಅವರು ಎರಡೇ ಮಾತು ಹೇಳಿದರು, ಅಷ್ಟು ಸಾಕಾಯಿತು. ಬೇರೆಯವರಿಂದ ಕೇಳಿ ಹೇಳುವ ಮಾತಿಗೆ ಅಲ್ಲಿ ತೂಕ ಕಡಿಮೆ.

ಉಳಿದ ಕೆಲಸಗಳಿಗೆ ತಾರೀಖು ನೆನಪಿಟ್ಟರೆ ಸಾಕು. ಒಂದು ಕ್ವಾರ್ಟರ್‌ನಲ್ಲಿ, ಅಂದರೆ ಮೂರು ತಿಂಗಳಲ್ಲಿ, 100 ಡಾಲರ್‌ಗಿಂತ ಜಾಸ್ತಿ ಸಂಬಳ ಕೊಟ್ಟರೆ 15 ದಿನದೊಳಗೆ ಇಡಿಡಿಯಲ್ಲಿ ನೋಂದಣಿ. ಹೊಸಬರು ಸೇರಿದರೆ 20 ದಿನದೊಳಗೆ ಡಿಇ 34, ಅಂದರೆ ಹೊಸಬರ ವರದಿ. ಮೂರು ತಿಂಗಳಿಗೊಮ್ಮೆ ಸಂಬಳ, ತೆರಿಗೆಯ ವರದಿಗಳಾದ ಡಿಇ 9, ಡಿಇ 9ಸಿ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಕೊನೆಯೊಳಗೆ. ಗೋಡೆಗೆ, ಕೆಲಸದವರಿಗೆ ಭತ್ಯೆಗಳ ಬಗ್ಗೆ ತಿಳಿಸುವ ಡಿಇ 1857ಎ ಪೋಸ್ಟರ್. ಇವುಗಳಲ್ಲಿ ಬಹುಪಾಲು ಪೇರೋಲ್‌ನವರು ಮಾಡುತ್ತಾರೆ, ಆದರೆ ತಪ್ಪಿದರೆ ದಂಡ ನಮ್ಮ ಹೆಸರಿಗೆ.

ಕೆಲಸದವರು ಬಿಟ್ಟುಹೋಗಿ ವರ್ಷವಾದ ಮೇಲೆ ಡಿಇ 1545 ಅನ್ನುವ ನೋಟಿಸ್ ಬಂದರೆ ಗಾಬರಿ ಬೀಳಬೇಡಿ. ಹಳಬ ಬೇರೆ ಕಡೆ ಕೆಲಸ ಕಳೆದುಕೊಂಡಿದ್ದರೂ, ಭತ್ಯೆಯ ಲೆಕ್ಕದಲ್ಲಿ ನೀವು ಕೊಟ್ಟ ಸಂಬಳ ಸೇರಿದ್ದರೆ ನಿಮ್ಮ ಖಾತೆಗೂ ಪಾಲು ಬೀಳಬಹುದು. ಆಕ್ಷೇಪಣೆಗೆ 15 ದಿನ.

ರಾಜ್ಯದ್ದಲ್ಲದೆ ಕೇಂದ್ರಕ್ಕೂ ಕಟ್ಟುವ ಫೆಡರಲ್ ನಿರುದ್ಯೋಗ ತೆರಿಗೆಯ ಮೇಲೆ ಮಾತ್ರ ನನಗೆ ಇವತ್ತಿಗೂ ಸಿಟ್ಟು. ಮೊದಲು ತಲೆಗೆ 42 ಡಾಲರ್ ಇತ್ತು. ಕೋವಿಡ್ ಕಾಲದಲ್ಲಿ ಭತ್ಯೆ ಕೊಡಲು ರಾಜ್ಯ ಕೇಂದ್ರದಿಂದ ಸಾಲ ತಂದಿತು, ತೀರಿಸಲಿಲ್ಲ. ಹಾಗಾಗಿ ಆ ತೆರಿಗೆಯಲ್ಲಿ ಮಾಲೀಕರಿಗೆ ಸಿಗುತ್ತಿದ್ದ ರಿಯಾಯಿತಿ ವರ್ಷ ವರ್ಷ ಕರಗಿತು. 2022ಕ್ಕೆ 63, 2023ಕ್ಕೆ 84, 2024ಕ್ಕೆ 105. ಸಾಲ ಅವರದು, ಕಂತು ನಮ್ಮದು!

ನಮ್ಮವರೇ ಕೆಲವರು ಹೇಳುವ ಉಪಾಯ ಒಂದಿದೆ: "ಸುಮ್ನೆ 1099 ಕೊಟ್ಬಿಡಿ, ಗುತ್ತಿಗೆ ಅಂತ ತೋರಿಸಿ." 1099 ಅಂದರೆ ಗುತ್ತಿಗೆದಾರರಿಗೆ ಕೊಡುವ ತೆರಿಗೆ ಫಾರಂ. ವಾರಾಂತ್ಯದ ಹುಡುಗಿಗೆ ನಾನೂ ಹಾಗೆ ಮಾಡಲು ಹೊರಟಿದ್ದೆ. ಶಿವಮೊಗ್ಗದವನು ಬಿಡಲಿಲ್ಲ. "ಅಕ್ಕಾ, ಅವಳು ನಿಮ್ಮ ಕಾವಲಿ ಮೇಲೆ, ನೀವು ಹೇಳಿದ ಹೊತ್ತಿಗೆ, ನೀವು ಹೇಳಿದ ದೋಸೆ ಹುಯ್ತಾಳೆ. ಅವಳು ಯಾವ ಸೀಮೆ ಗುತ್ತಿಗೆದಾರಳು?" ಯಾರು ನೌಕರರು, ಯಾರು ಗುತ್ತಿಗೆದಾರರು ಅಂತ ತೀರ್ಮಾನಿಸುವ, 2020ರಿಂದ ಜಾರಿಗೆ ಬಂದ ಎಬಿ 5 ಕಾನೂನು ಕೇಳೋದೂ ಹೆಚ್ಚುಕಡಿಮೆ ಇದನ್ನೇ. ಅಂಥವರು ಒಮ್ಮೆ ಭತ್ಯೆಗೆ ಅರ್ಜಿ ಹಾಕಿ, ದಾಖಲೆಯಲ್ಲಿ ಸಂಬಳವೇ ಕಾಣದಿದ್ದರೆ, ಇಲಾಖೆ ಹುಡುಕಿಕೊಂಡು ಬರುತ್ತದೆ.

ಎಲ್ಲ ಅರ್ಜಿಗೂ ತಕರಾರು ಮಾಡಬೇಕಾಗಿಲ್ಲ. ಊರಲ್ಲಿ ಇದ್ದಾಗ ಪಿಎಫ್, ಇಎಸ್ಐ ಕೇಳಿದ್ದೆನೇ ಹೊರತು ಇಂಥದ್ದು ಗೊತ್ತಿರಲಿಲ್ಲ. ಅದಕ್ಕೇ ಮೊದಲಿಗೆ, ಅರ್ಜಿ ಹಾಕಿದವನು ನನ್ನ ಮೇಲೆ ಕೇಸು ಹಾಕಿದ ಹಾಗೆ ಅನಿಸುತ್ತಿತ್ತು. ಅದು ಅವರಿಗಾಗಿಯೇ ನಾನು ಕಟ್ಟಿದ ವಿಮೆ ಅಲ್ವಾ?

ಹೋದ ಜನವರಿಯಲ್ಲಿ ವ್ಯಾಪಾರ ಬಿದ್ದುಹೋಯಿತು. ತರಕಾರಿ ಹೆಚ್ಚುವ ಹೆಂಗಸನ್ನು ನಿಲ್ಲಿಸಲೇಬೇಕಾಯಿತು. ಅವತ್ತೇ ಪೂರ್ತಿ ಸಂಬಳದ ಚೆಕ್ಕು, ಕೆಲಸ ಇಲ್ಲದ್ದಕ್ಕೆ ನಿಲ್ಲಿಸಿದ್ದು ಅನ್ನುವ ಪತ್ರ, ಭತ್ಯೆಯ ವಿವರ ಇರುವ ಡಿಇ 2320 ಪುಸ್ತಿಕೆ ಕೈಗಿಟ್ಟೆ. ಪುಸ್ತಿಕೆ ಕೊಡೋದು ಕಾನೂನು. ಜೊತೆಗೆ ಕೂತು ಓದಿ ಹೇಳಿದ್ದು ನನ್ನ ಸಮಾಧಾನಕ್ಕೆ. ನೋಟಿಸ್ ಬಂದಾಗ 'ಕೆಲಸ ಇರಲಿಲ್ಲ' ಅಂತ ಇದ್ದದ್ದನ್ನೇ ಬರೆದೆ. ಏಪ್ರಿಲ್‌ನಲ್ಲಿ ಮದುವೆ ಆರ್ಡರ್‌ಗಳು ಶುರುವಾದವು, ಅವಳು ವಾಪಸ್ ಬಂದಳು. ಮಧ್ಯೆ 60 ದಿನ ದಾಟಿದ್ದರಿಂದ ಅವಳೂ ಹೊಸಬಳೇ. ಅವಳು ಮೊದಲ ಮೂಟೆ ಈರುಳ್ಳಿ ಬಿಚ್ಚುವಷ್ಟರಲ್ಲಿ ಡಿಇ 34 ಮತ್ತೆ ಕಳಿಸಿದ್ದೆ.