ಕಿಡ್ನಿ ರಿಪೋರ್ಟ್ ಓದುವುದು ಹೇಗೆ?

ಲ್ಯಾಬಿನ ಕಿಟಕಿಯಲ್ಲಿ ರಿಪೋರ್ಟ್ ಇಸಿದುಕೊಂಡವರು ಅಲ್ಲೇ ನಿಂತು ಹುಡುಕುವುದು ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ, ಸ್ನಾಯುಗಳಿಂದ ರಕ್ತಕ್ಕೆ ಬರುವ ಕಸ. ಅದು ದಪ್ಪಕ್ಷರದಲ್ಲಿ ಇಲ್ಲದಿದ್ದರೆ ‘ಕಿಡ್ನಿ ಚೆನ್ನಾಗಿದೆ’ ಎಂದು ಮಡಚಿ ಕವರಿಗೆ ಹಾಕುತ್ತಾರೆ. ಅದೇ ಜನ ಸ್ಕ್ಯಾನಿನಲ್ಲಿ ‘ಸಿಸ್ಟ್’ ಎಂಬ ಪದ ಕಂಡರೆ ರಾತ್ರಿಯಿಡೀ ನಿದ್ದೆಗೆಡುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

ಹಂತ 1. ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ.

ಹಂತ 2. ರಕ್ತಕ್ಕಿಂತ ಮೊದಲು ಮೂತ್ರದ ರಿಪೋರ್ಟ್ ಓದಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರಲ್ಲೂ ಅತಿ ಸಣ್ಣ ರಕ್ತನಾಳಗಳ ಒಂದು ಉಂಡೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಉಂಡೆಗೆ ರಕ್ತ ತರುವ ನಾಳದ ಗೋಡೆ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ರಕ್ತ ಸಾಲದೆ ಉಂಡೆ ಬತ್ತಿ ಗಾಯದ ಕಲೆಯಾಗಿ ಉಳಿಯುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಸೋಸುವ ಪೊರೆಯೇ ಕೆಟ್ಟು ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮೊದಲೇ ಈ ಸೋರಿಕೆ ಸಿಕ್ಕಿಬೀಳಬಹುದು. ಹಾಗಾಗಿ ‘ಎಸಿಆರ್’ (ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ) ಪರೀಕ್ಷೆ ಎಂದೇ ಕೇಳಿ ಮಾಡಿಸಿ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿರಬೇಕು. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಕೊಡಿ. ಜ್ವರ, ಉರಿಮೂತ್ರ, ಮುಟ್ಟಿನ ದಿನಗಳಲ್ಲಿ ಬೇಡ. ಕಡ್ಡಿ ಅದ್ದಿ ಬಣ್ಣ ನೋಡುವ ಅಗ್ಗದ ಪರೀಕ್ಷೆ ಸಣ್ಣ ಸೋರಿಕೆಯನ್ನು ಹಿಡಿಯುವುದಿಲ್ಲ. ನಾನಂತೂ ಅದನ್ನು ನೆಚ್ಚುವುದಿಲ್ಲ.

ಹಂತ 3. ಕ್ರಿಯಾಟಿನಿನ್ ಪಕ್ಕದಲ್ಲಿ, ಕಿಡ್ನಿಯ ಸೋಸುವ ಶಕ್ತಿಯನ್ನು ಅಂದಾಜಿಸುವ ‘ಇಜಿಎಫ್‌ಆರ್’ ಹುಡುಕಿ. ಸೋಸುವ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಎಂದೇ ತೋರಬಹುದು. 25ರ ಹುಡುಗನಿಗೆ ಕ್ರಿಯಾಟಿನಿನ್ 1.1 ಬಂದರೆ, 2021ರ ಸೂತ್ರದಂತೆ ಅವನ ಇಜಿಎಫ್‌ಆರ್ ಸುಮಾರು 95. ಅದೇ 1.1 ಬಂದ 75ರ ಅಜ್ಜಿಯದು ಸುಮಾರು 52. ಇದು 60ಕ್ಕಿಂತ ಕಡಿಮೆಯಾಗಿ ಮೂರು ತಿಂಗಳು ಅಲ್ಲೇ ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಲೆಕ್ಕ. ಹಿಂದಿನ ರಾತ್ರಿ ತಿಂದ ಮಾಂಸದೂಟ, ಜಿಮ್‌ನವರು ಕೊಡುವ ಕ್ರಿಯಾಟಿನ್ ಪುಡಿ ಎರಡೂ ಕ್ರಿಯಾಟಿನಿನ್ ಅಂಕಿಯನ್ನು ಏರಿಸುತ್ತವೆ. ‘ಕಿಡ್ನಿ ಶುದ್ಧಿ’ ಎಂದು ಮಾರುವ ಪುಡಿ, ಕಷಾಯಗಳನ್ನು ದಯವಿಟ್ಟು ಮುಟ್ಟಬೇಡಿ. ಕೆಲವು ಗಿಡಮೂಲಿಕೆಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನೂ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. ಮಂಡಿನೋವಿಗೆಂದು ದಿನವೂ ನುಂಗುವ ನೋವಿನ ಮಾತ್ರೆಯ ಹೆಸರನ್ನೂ ಡಾಕ್ಟರಿಗೆ ಹೇಳಿ.

ಹಂತ 4. ಸ್ಕ್ಯಾನಿನಲ್ಲಿ ಕಿಡ್ನಿಯ ಉದ್ದ ನೋಡಿ. ದೊಡ್ಡವರಿಗೆ ಸುಮಾರು 9ರಿಂದ 12 ಸೆಂ.ಮೀ. ಎರಡರ ನಡುವೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆಯ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ಕೇಳಿ.

ಹಂತ 5. ಎಲ್ಲರೂ ಎಡವುವುದು ಇಲ್ಲೇ. ಸಿಸ್ಟ್ ಎಂದರೆ ನೀರು ತುಂಬಿದ ಗುಳ್ಳೆ. ಆ ಪದದ ಹಿಂದುಮುಂದೆ ಏನಿದೆ ಎಂಬುದನ್ನು ನಿಧಾನವಾಗಿ ಓದಿ.

‘ಸಿಂಪಲ್’ ಎಂದಿದ್ದರೆ ತೆಳು ಗೋಡೆ, ಒಳಗೆ ತಿಳಿನೀರು. ಐವತ್ತು ದಾಟಿದವರಲ್ಲಿ ಇದು ತೀರಾ ಸಾಮಾನ್ಯ. ನೋವು ಕೊಡದಿದ್ದರೆ ಔಷಧಿಯೂ ಬೇಡ, ಸೂಜಿ ಚುಚ್ಚಿ ನೀರು ತೆಗೆಸುವುದೂ ಬೇಡ. ತೆಗೆಸಿದರೂ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ.

ಮುಂದೆ, ಎಷ್ಟಿವೆ ಎಂದು ಎಣಿಸಿ. ಅಪ್ಪನಿಗೋ ಅಮ್ಮನಿಗೋ ಪಾಲಿಸಿಸ್ಟಿಕ್ ಕಾಯಿಲೆ (ಕಿಡ್ನಿಗಳಲ್ಲಿ ಸಿಸ್ಟ್‌ಗಳು ತುಂಬಿಕೊಳ್ಳುವ ವಂಶಪಾರಂಪರ್ಯ ಕಾಯಿಲೆ) ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂಥ ಮನೆಯವರಿಗೆ 15ರಿಂದ 39 ವಯಸ್ಸಿನೊಳಗೆ ಎರಡೂ ಕಿಡ್ನಿ ಸೇರಿ ಮೂರು ಸಿಸ್ಟ್ ಕಂಡರೂ ಕಾಯಿಲೆ ಇದೆ ಎಂದೇ ಅರ್ಥ. 40ರಿಂದ 59ರವರಿಗೆ ಒಂದೊಂದು ಕಿಡ್ನಿಯಲ್ಲೂ ಎರಡೆರಡು ಕಂಡರೆ ಹಾಗೆನ್ನಬೇಕು. ಇವರು ಮೊದಲು ಹಿಡಿತಕ್ಕೆ ತರಬೇಕಾದದ್ದು ಬಿಪಿ.

‘ಕಾಂಪ್ಲೆಕ್ಸ್’ (ಸಿಂಪಲ್ ಅಲ್ಲದ್ದು), ‘ಸೆಪ್ಟೇಷನ್’ (ಒಳಗೆ ಅಡ್ಡಗೋಡೆ), ‘ಸಾಲಿಡ್’ (ಗಟ್ಟಿ ಭಾಗ) ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದೂಡಬೇಡಿ. ಕಾಂಟ್ರಾಸ್ಟ್ ಔಷಧಿ ಚುಚ್ಚಿ ಮಾಡುವ ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ. ಅದನ್ನು ನೋಡಿ, ಕ್ಯಾನ್ಸರ್ ಸಾಧ್ಯತೆ ಎಷ್ಟೆಂದು ಹೇಳುವ ಬಾಸ್ನಿಯಾಕ್ ದರ್ಜೆ ಕೊಡುತ್ತಾರೆ. 1986ರಿಂದ ಬಳಕೆಯಲ್ಲಿರುವ, 2019ರಲ್ಲಿ ತಿದ್ದಿದ ಪದ್ಧತಿ ಇದು. 1 ಮತ್ತು 2 ಬಂದರೆ ಸುಮ್ಮನಿರಬಹುದು. 3ರಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್, 4ರಲ್ಲಿ ಬಹುಪಾಲು ಕ್ಯಾನ್ಸರ್. ನಡುವೆ ‘2ಎಫ್’ ಎಂಬುದೊಂದಿದೆ. ಜನ ಆ ಎಫ್ ಅಕ್ಷರವನ್ನು ಗಮನಿಸದೆ ‘ಎರಡು ಬಂದಿದೆ, ಪರವಾಗಿಲ್ಲ’ ಎಂದು ಮನೆಗೆ ಹೋಗಿಬಿಡುತ್ತಾರೆ. ಎಫ್ ಎಂದರೆ ಫಾಲೋ-ಅಪ್: ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ, ಐದು ವರ್ಷದವರೆಗೆ ಸ್ಕ್ಯಾನ್. ರಿಪೋರ್ಟ್ ಬಂದ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಂತ 6. ‘ಮಾಸ್’ ಎಂದಿದ್ದರೆ ಗಡ್ಡೆ. ಎಲ್ಲ ಗಡ್ಡೆಯೂ ಕ್ಯಾನ್ಸರಲ್ಲ. ಆಂಜಿಯೋಮಯೋಲಿಪೋಮಾ ಎಂಬುದು ಕೊಬ್ಬು, ಸ್ನಾಯು, ರಕ್ತನಾಳ ಬೆರೆತ ಗಡ್ಡೆ, ನಾಲ್ಕು ಸೆಂ.ಮೀ. ಮೀರಿದರೆ ಒಳಗೇ ರಕ್ತ ಸೋರುವ ಅಪಾಯವಿದೆ, ಅಷ್ಟೇ. ದೊಡ್ಡವರ ಕಿಡ್ನಿ ಕ್ಯಾನ್ಸರಿನಲ್ಲಿ ಹೆಚ್ಚಿನದು ‘ಕ್ಲಿಯರ್ ಸೆಲ್’ ಬಗೆ. ನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಂಟು ಮೂರೂ ಒಟ್ಟಿಗೆ ಕಾಣಿಸುವುದು ಅಪರೂಪ. ನೋವೇ ಇಲ್ಲದೆ ಒಂದು ದಿನ ಮೂತ್ರ ಕೆಂಪಾಗಿ, ಮರುದಿನ ತಾನೇ ತಿಳಿಯಾಯಿತೆಂದು ಬಿಡಬೇಡಿ; ಅದೇ ವಾರ ಯೂರಾಲಜಿಸ್ಟ್ ಬಳಿ ಹೋಗಿ. ಗಡ್ಡೆ ಚಿಕ್ಕದಿದ್ದರೆ ಕಿಡ್ನಿ ಉಳಿಸಿ ಗಡ್ಡೆಯಷ್ಟನ್ನೇ ತೆಗೆಯಲಾಗುತ್ತದೆಯೇ ಎಂದು ಆಪರೇಷನ್‌ಗೆ ಸಹಿ ಹಾಕುವ ಮೊದಲೇ ಕೇಳಿ.